ನಿಪ್ಕೋ ಡಿಸ್ಕ್: 32 ತೂತು ಕೊರೆದಾಯ್ತು, ಚಿತ್ರದಲ್ಲಿ ಕಪ್ಪು ಗೆರೆ ಯಾಕೆ?

ಕುಂಬಳೆ_ಸೋಲ್ಡರ್:
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಟಿವಿಗೆ 30 ಸೆಂ.ಮೀ. ನಿಪ್ಕೋ ಡಿಸ್ಕ್, ಅಂದರೆ ಸುರುಳಿಯಲ್ಲಿ ತೂತುಗಳಿದ್ದು, ತಿರುಗುವಾಗ ಒಂದೊಂದು ತೂತು ಚಿತ್ರದ ಒಂದೊಂದು ಗೆರೆ ಮೂಡಿಸುವ ತಟ್ಟೆ. ಅಲ್ಯೂಮಿನಿಯಂ ಶೀಟು 1 ಮಿ.ಮೀ. ದಪ್ಪ, 32 ತೂತು, 0.6 ಮಿ.ಮೀ. ಬಿಟ್. ಪ್ರಿಂಟ್ ತೆಗೆದ ಕಾಗದ ಅಂಟಿಸಿ ಹ್ಯಾಂಡ್ ಡ್ರಿಲ್ಲಿನಲ್ಲಿ ಕೊರೆದದ್ದು. ಹಿಂದೆ ಬಿಳಿ ಎಲ್‌ಇಡಿ, ಲ್ಯಾಪ್‌ಟಾಪಿನ ಹೆಡ್‌ಫೋನ್ ಔಟಿನಿಂದ ಸಿಗ್ನಲ್. ತೊಂದರೆ ಮೂರು: ಉದ್ದಕ್ಕೂ ಕಪ್ಪು ಗೆರೆಗಳು, ಮುಖದ ಅಂಚು ಗರಗಸದ ಹಲ್ಲಿನ ಹಾಗೆ, ಇಡೀ ಚಿತ್ರ ಮೇಲಕ್ಕೆ ಜಾರುತ್ತಾ ಹೋಗ್ತದೆ. ಡಿಸ್ಕನ್ನೇ ಬದಲಿಸಬೇಕಾ, ಸರ್ಕ್ಯೂಟಲ್ಲಿ ಸರಿ ಮಾಡ್ಲಿಕ್ಕೆ ಆಗ್ತದಾ?

ಲೇತ್_ಮಾಷ್ಟ್ರು:
ಮೊದಲಿನ ಎರಡು ಡಿಸ್ಕಿನ ದೋಷ, ಸರ್ಕ್ಯೂಟಿನಲ್ಲಿ ಹೋಗುವಂಥದ್ದಲ್ಲ. ಕೇಂದ್ರದಿಂದ ದೂರ ತಪ್ಪಿದರೆ ಕಪ್ಪು ಗೆರೆ. ಕೋನ ತಪ್ಪಿದರೆ ಗರಗಸದ ಹಲ್ಲು: 140 ಮಿ.ಮೀ. ತ್ರಿಜ್ಯದಲ್ಲಿ 0.1 ಡಿಗ್ರಿ ಅಂದರೆ 0.24 ಮಿ.ಮೀ., ಹತ್ತಿರ ಹತ್ತಿರ ಅರ್ಧ ತೂತಿನಷ್ಟು. ಹ್ಯಾಂಡ್ ಡ್ರಿಲ್ಲಿಗೆ ಇದು ಸಾಧ್ಯವೇ ಇಲ್ಲ ಮಾರಾಯ್ರೆ.

ಇನ್ನೊಂದು, ತೂತು ಉರುಟು, ಅಂದರೆ ದುಂಡಗೆ. ನಡುವೆ ಬೆಳಕು ಹೆಚ್ಚು, ಅಂಚಿನಲ್ಲಿ ಕಡಿಮೆ. ಹಾಗಾಗಿ ಹೆಜ್ಜೆ (ಒಂದು ತೂತಿಗಿಂತ ಮುಂದಿನದ್ದು ಕೇಂದ್ರಕ್ಕೆ ಎಷ್ಟು ಹತ್ತಿರ ಅನ್ನುವ ಅಳತೆ) ಸರಿಯಾಗಿ 0.6 ಇಟ್ಟರೂ ತೆಳು ಗೆರೆ ಉಳೀತದೆ. 0.6ರ ಬಿಟ್ಟಿಗೆ 0.56 ಹೆಜ್ಜೆ ಇಡಿ. ಹೊರಗಿನ ತೂತು 140 ಮಿ.ಮೀ.ನಲ್ಲಿದ್ದರೆ ಒಳಗಿನ ಕೊನೆಯದ್ದು 122.64ಕ್ಕೆ ಬರ್ತದೆ. ಚಿತ್ರ 18 ಮಿ.ಮೀ. ಅಗಲ, ಎತ್ತರ ಹೊರಬದಿಯಲ್ಲಿ 27.5, ಒಳಬದಿಯಲ್ಲಿ 24. ಅಂಚೆ ಚೀಟಿಯಷ್ಟೇ, ಅದೂ ಸ್ವಲ್ಪ ಓರೆ.

ಮಿಲ್ಲಿಂಗ್ ಮಷೀನು, ಡಿವೈಡಿಂಗ್ ಹೆಡ್ (ಸುತ್ತನ್ನು ಸಮಭಾಗ ಮಾಡುವ ಸಾಧನ) ಇರುವ ವರ್ಕ್‌ಶಾಪ್ ಹುಡುಕಿ. 40ಕ್ಕೆ 1ರ ಹೆಡ್ಡಿನಲ್ಲಿ (ಹಿಡಿ 40 ಸುತ್ತು ತಿರುಗಿಸಿದರೆ ಡಿಸ್ಕ್ ಒಂದು ಸುತ್ತು) ಒಂದು ತೂತಿಗೆ ಹಿಡಿ ಒಂದೂಕಾಲು ಸುತ್ತು, 20 ತೂತಿನ ಪ್ಲೇಟಾದರೆ ಒಂದು ಸುತ್ತು ಮತ್ತು 5 ತೂತು. ಟೇಬಲ್ಲಿನ ಡಯಲನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ. ಹಿಂದೆ ಹೋದರೆ ಸ್ಕ್ರೂವಿನ ಸಡಿಲದಿಂದ ಲೆಕ್ಕ ತಪ್ಪುತ್ತದೆ. ಎದುರಿನಿಂದ ನೋಡುವಾಗ ಸುರುಳಿ ಪ್ರದಕ್ಷಿಣೆಯಾಗಿ ಒಳಗೆ ಸಾಗಬೇಕು, ಡಿಸ್ಕ್ ಅಪ್ರದಕ್ಷಿಣೆಯಾಗಿ ತಿರುಗಬೇಕು, ಚಿತ್ರ ಕಾಣುವ ಕಿಟಕಿ ಬಲಬದಿಯಲ್ಲಿ. ಸುರುಳಿ ಉಲ್ಟಾ ಆದರೆ ಮುಖ ಕನ್ನಡಿಯಲ್ಲಿ ಕಂಡ ಹಾಗೆ.

1 ಮಿ.ಮೀ. ದಪ್ಪದಲ್ಲಿ 0.6ರ ತೂತು ಅಂದರೆ ಕೊಳವೆ. ನೋಡುವವರ ತಲೆ ಸ್ವಲ್ಪ ಆಚೀಚೆಯಾದರೆ ಚಿತ್ರದ ಅಂಚು ಕತ್ತಲು. 0.5ರ ಶೀಟು ತಗೊಳ್ಳಿ, ಎರಡು ಪ್ಲೈವುಡ್ ನಡುವೆ ಬಿಗಿದು ಕೊರೆಯಿರಿ. ಮ್ಯಾಟ್ ಕಪ್ಪು ಪೇಂಟ್ ಕೊರೆಯುವ ಮೊದಲೇ ಹೊಡೀಬೇಕು, ಆಮೇಲೆ ಹೊಡೆದರೆ ತೂತು ಮುಚ್ಚಿಹೋಗ್ತದೆ.

ನೀರ್ಚಾಲ್_400:
ಜಾರುವುದಕ್ಕೆ ಕಾರಣ ವೇಗ. ಸೆಕೆಂಡಿಗೆ 12.5 ಚಿತ್ರ, ಅಂದರೆ ನಿಮಿಷಕ್ಕೆ 750 ಸುತ್ತು, ಗೆರೆ ಸೆಕೆಂಡಿಗೆ 400. ಅಂದಾಜಿಗೆ ಸುಲಭದ ದಾರಿ: ಡಿಸ್ಕಿನ ನಡುವೆ 8 ಬಿಳಿ, 8 ಕಪ್ಪು ಪಟ್ಟಿ ಅಂಟಿಸಿ ಸ್ವಿಚ್‌ಬೋರ್ಡಿನ ನಿಯಾನ್ ಇಂಡಿಕೇಟರ್ ಬೆಳಕಲ್ಲಿ ನೋಡಿ. ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ, 750ರಲ್ಲಿ ಪಟ್ಟಿ ನಿಂತ ಹಾಗೆ ಕಾಣ್ತದೆ. 1500ರಲ್ಲಿಯೂ ನಿಲ್ತದೆ, ಮೋಸ ಹೋಗಬೇಡಿ.

ಚಿತ್ರ ಪೂರ್ತಿ ನಿಲ್ಲಬೇಕಾದರೆ ಲಾಕ್ ಬೇಕು, ಅಂದರೆ ಡಿಸ್ಕಿನ ವೇಗವನ್ನು ಸಿಗ್ನಲ್ಲಿಗೆ ಕಟ್ಟಿಹಾಕಬೇಕು. 100 ಮಿ.ಮೀ. ತ್ರಿಜ್ಯದಲ್ಲಿ ಇನ್ನೂ 32 ದೊಡ್ಡ ತೂತು ಕೊರೆದು ಫೋಟೋ ಸೆನ್ಸರ್ ಇಡಿ. ಸ್ಟೀರಿಯೋ ವೇವ್ ಫೈಲಿನ ಎಡ ಚಾನೆಲ್ಲಿನಲ್ಲಿ ಚಿತ್ರ, ಬಲದಲ್ಲಿ 400 ಹರ್ಟ್ಸ್ ಸ್ಕ್ವೇರ್ ವೇವ್. ಆ 400 ಹರ್ಟ್ಸನ್ನೂ ಸೆನ್ಸರಿನ ಸಿಗ್ನಲ್ಲನ್ನೂ ಮಟ್ಟಕ್ಕೆ ಏರಿಸಿ, ಎರಡನ್ನು ಹೋಲಿಸುವ ಸಿಡಿ4046 ಚಿಪ್ಪಿನ 14 ಮತ್ತು 3ನೇ ಕಾಲಿಗೆ ಕೊಡಿ, 13ರಿಂದ ಫಿಲ್ಟರ್ ದಾಟಿಸಿ ಮೋಟಾರಿಗೆ ಕರೆಂಟ್ ಬಿಡುವ ಮಾಸ್‌ಫೆಟ್‌ಗೆ. ಚಿಪ್ಪಿನ ಒಳಗಿನ ವಿಸಿಓ (ವೋಲ್ಟೇಜಿಗೆ ತಕ್ಕ ಹಾಗೆ ಆವರ್ತನ ಬದಲಿಸುವ ಭಾಗ) ಬೇಡ, 5ನೇ ಕಾಲು ಪ್ಲಸ್‌ಗೆ. ಫಿಲ್ಟರಿನ ಕೆಪಾಸಿಟರಿಗೆ ಸರಣಿಯಲ್ಲಿ 47 ಕಿಲೋ ಓಮ್ ಪ್ರಿಸೆಟ್ ಹಾಕದಿದ್ದರೆ ಚಿತ್ರ ತೊಟ್ಟಿಲು ತೂಗಿದ ಹಾಗೆ ತೂಗ್ತದೆ. ತೂಗಾಟ ನಿಲ್ಲುವವರೆಗೆ ಅದನ್ನು ತಿರುಗಿಸಿ.

32 ಸ್ಥಾನಗಳಲ್ಲಿ ಎಲ್ಲಿ ಬೇಕಾದರೂ ಲಾಕ್ ಆಗಬಹುದು. ಆಗ ಮುಖ ಎರಡು ತುಂಡಾಗಿ ಬಲದ ಕಿವಿ ಎಡಕ್ಕೆ ಬರ್ತದೆ. ಡಿಸ್ಕಿನ ನಡುವಿನ ಹಬ್ಬಿಗೆ (ಹಬ್) ಮೆಲ್ಲ ಬೆರಳು ಒತ್ತಿ ಒಂದೊಂದೇ ಗೆರೆ ಜಾರಿಸಿ. ಹಬ್ಬು ಮಾತ್ರ, ಅಂಚು ಮುಟ್ಟಬೇಡಿ: ಅಂಚಿನ ವೇಗ ಗಂಟೆಗೆ 42 ಕಿ.ಮೀ., ತೆಳು ಅಲ್ಯೂಮಿನಿಯಂ ಬ್ಲೇಡಿನ ಹಾಗೆ ಕೊಯ್ತದೆ.

ಲೇತ್_ಮಾಷ್ಟ್ರು:
ಸರಿಯೇ. ಫೈಲನ್ನು ಎಂಪಿ3 ಮಾಡಬೇಡಿ ಅಂತಲೂ ಸೇರಿಸಿ. ಕಿವಿಗೆ ತಿಳಿಯದ್ದನ್ನು ಅದು ಬಿಟ್ಟುಬಿಡ್ತದೆ, ಕಣ್ಣಿಗೆ ಅದೇ ಮಸಿ ಬಳಿದ ಹಾಗೆ ಕಾಣ್ತದೆ.

ಕುಂಬಳೆ_ಸೋಲ್ಡರ್:
ಉಪಕಾರ ಆಯ್ತು ಮಾಷ್ಟ್ರೇ. ಡಿವೈಡಿಂಗ್ ಹೆಡ್ ಸಿಗದಿದ್ದರೆ ಕಪ್ಪು ಕಾರ್ಡ್‌ಬೋರ್ಡ್ ಆಗಬಹುದಾ? ಪರೀಕ್ಷೆಗೆ ಯಕ್ಷಗಾನದ ಬಣ್ಣದ ವೇಷದ ಫೋಟೋ ಹಾಕಿದರೆ ಹೇಗೆ?

ಲೇತ್_ಮಾಷ್ಟ್ರು:
ಕಾರ್ಡ್‌ಬೋರ್ಡ್ ಬೇಸಗೆಗೆ ಅಡ್ಡಿಯಿಲ್ಲ, ಆಟಿಯ ಮಳೆಗಾಲದ ತೇವಕ್ಕೆ ಹಪ್ಪಳದ ಹಾಗೆ ಬಾಗ್ತದೆ. ಅದಕ್ಕಿಂತ ಸ್ಕ್ರೀನ್ ಪ್ರಿಂಟಿಂಗಿನವರು ಮಾಡಿಸುವ ಪಾಸಿಟಿವ್ ಫಿಲ್ಮ್ (ಕಪ್ಪು ಮುದ್ರೆಯ ಪಾರದರ್ಶಕ ಹಾಳೆ) ಒಳ್ಳೆಯದು. ಅದರಲ್ಲಿ ಚೌಕ ಕಿಂಡಿಯನ್ನೇ ಮೂಡಿಸಬಹುದು, ಹೆಜ್ಜೆಯೂ ಕಿಂಡಿಯೂ ಒಂದೇ ಅಳತೆಗೆ ಇಟ್ಟರೆ ಸಾಕು. ಕೊಡುವ ಮೊದಲು ಮೂಲೆಯಲ್ಲಿ 200 ಮಿ.ಮೀ. ಗೆರೆ ಹಾಕಿ, ಬಂದ ಮೇಲೆ ಅಳೆಯಿರಿ.

ವೇಷದ ಚುಟ್ಟಿಯ (ಮುಖಕ್ಕೆ ಇಡುವ ಅಕ್ಕಿಹಿಟ್ಟಿನ) ಚುಕ್ಕೆಗಳು 32 ಗೆರೆಯಲ್ಲಿ ಕಲಸಿಹೋಗ್ತವೆ, ಕಣ್ಣಿನ ಕಪ್ಪು ಮತ್ತು ಹಣೆಯ ಬಿಳಿ ಮಾತ್ರ ನಿಲ್ತದೆ. ಆದರೆ ಆ ಗಾಢತೆಯೇ ಬೇಕಾದ್ದು. ಟಿವಿಯ ಆರಂಭದ ಪ್ರಯೋಗ ಮಾಡಿದ ಬೇರ್ಡ್ ಕೂಡಾ ಬಣ್ಣ ಬಳಿದ ಗೊಂಬೆಯ ತಲೆಯನ್ನೇ ಎದುರಿಗೆ ಇಟ್ಟುಕೊಂಡದ್ದು. ಮುಖ ಕಿಟಕಿ ತುಂಬುವಷ್ಟು ದೊಡ್ಡದು ಮಾಡಿ, ಕಿರೀಟ ಬಿಡಿ.