80% ಫರ್ನೇಸ್ ತೆಗೆಸಿ 96%ದು ಹಾಕಿಸಬೇಕು: ಡಕ್ಟ್, ವಾಟರ್ ಹೀಟರ್ ಚಿಮಣಿ ಬಗ್ಗೆ ಗೊತ್ತಿರುವವರು ಹೇಳಿ

ಹೇಮಾವತಿ ದಂಡೆ (ಕ್ಯಾಂಟನ್, ಮಿಶಿಗನ್)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ 1994ರಲ್ಲಿ ಕಟ್ಟಿದ್ದು. ಎರಡು ಮಹಡಿ, ಸುಮಾರು 2,200 ಚದರ ಅಡಿ, ಕೆಳಗೆ ಬೇಸ್‌ಮೆಂಟ್. ಫರ್ನೇಸ್ (ಗ್ಯಾಸ್ ಉರಿಸಿ ಮನೆ ಬೆಚ್ಚಗಿಡುವ ಯಂತ್ರ) ಕೂಡ ಮನೆಯಷ್ಟೇ ಹಳೆಯದು, 80%ದು, ಅಂದರೆ ಉರಿದ ಗ್ಯಾಸಿನ ಶಾಖದಲ್ಲಿ 80% ಮಾತ್ರ ಮನೆಗೆ ಸಿಗುತ್ತದೆ. ಪ್ಲೇಟ್ ಮೇಲೆ 1,00,000 ಬಿಟಿಯು (ಗಂಟೆಗೆ ಎಷ್ಟು ಶಾಖ ಅನ್ನುವ ಅಳತೆ) ಅಂತ ಇದೆ. ಮೊನ್ನೆ ಸರ್ವಿಸ್‌ಗೆ ಬಂದವರು ಹೀಟ್ ಎಕ್ಸ್‌ಚೇಂಜರ್ (ಉರಿಯ ಶಾಖವನ್ನು ಗಾಳಿಗೆ ಕೊಡುವ ಲೋಹದ ಭಾಗ) ಬಿರುಕು ಬಿಟ್ಟಿದೆ ಅಂತ ಕ್ಯಾಮೆರಾದಲ್ಲಿ ತೋರಿಸಿ, ಗ್ಯಾಸ್ ಬಂದ್ ಮಾಡಿ, ಕೆಂಪು ಚೀಟಿ ಅಂಟಿಸಿ ಹೋದರು. ಈಗ ಅಕ್ಟೋಬರ್, ಸದ್ಯಕ್ಕೆ ಎರಡು ಎಲೆಕ್ಟ್ರಿಕ್ ಹೀಟರ್ ಇಟ್ಟುಕೊಂಡಿದ್ದೇವೆ. ಮುಂದಿನ ತಿಂಗಳು ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಚಳಿಗಾಲ ಪೂರ್ತಿ ಇಲ್ಲೇ ಇರುತ್ತಾರೆ. ಅವರಿಗೆ ಬೇಸ್‌ಮೆಂಟ್ ರೂಮು ಅಂತ ಅಂದುಕೊಂಡಿದ್ದೇವೆ.

ಎರಡು ಕೊಟೇಶನ್ ಬಂದಿದೆ. ಮೊದಲನೆಯವರು ಐದು ನಿಮಿಷ ನೋಡಿ "ಈಗಿರುವಷ್ಟೇ ದೊಡ್ಡದು, 1,00,000ದ್ದೇ ಹಾಕೋಣ, ಒಂದೇ ದಿನದ ಕೆಲಸ" ಅಂದರು. ಮೇಲಿನ ಮಕ್ಕಳ ರೂಮು ಯಾವಾಗಲೂ ತಣ್ಣಗಿರುತ್ತದೆ ಅಂದಿದ್ದಕ್ಕೆ, ಫರ್ನೇಸ್ ರೂಮಿನಲ್ಲೇ ರಿಟರ್ನ್ ಡಕ್ಟ್‌ಗೆ (ರೂಮುಗಳ ಗಾಳಿಯನ್ನು ಫರ್ನೇಸ್‌ಗೆ ವಾಪಸ್ ತರುವ ಕೊಳವೆಗೆ) ಒಂದು ದೊಡ್ಡ ಕಿಂಡಿ ಕೊಯ್ದರೆ ಗಾಳಿ ಜೋರಾಗುತ್ತದೆ ಅಂದರು. ಎರಡನೆಯವರು ಕಿಟಕಿ ಗೋಡೆ ಎಲ್ಲ ಅಳೆದುಕೊಂಡು ಹೋಗಿ 60,000 ಸಾಕು ಅಂತ ಕಳಿಸಿದ್ದಾರೆ. ಜೊತೆಗೆ ವಾಟರ್ ಹೀಟರ್‌ನ ಚಿಮಣಿ ಬದಲಿಸಬೇಕು, ಮೇಲಿನ ಮಹಡಿಗೆ ಇನ್ನೊಂದು ರಿಟರ್ನ್ ಬೇಕು ಅಂತಾರೆ. ಇವರದು ಮೂರು ಸಾವಿರ ಡಾಲರ್ ಜಾಸ್ತಿ. ಚಿಕ್ಕ ಫರ್ನೇಸ್‌ಗೆ ದುಡ್ಡು ಜಾಸ್ತಿ ಯಾಕೆ? ಬದಲಿಸುತ್ತಿರುವುದು ಫರ್ನೇಸ್, ವಾಟರ್ ಹೀಟರ್ ತಂಟೆ ಯಾಕೆ? ಈ ಮಧ್ಯೆ ಒಹಾಯೋದಲ್ಲಿರುವ ನನ್ನ ತಮ್ಮ, ಮೆಕ್ಯಾನಿಕಲ್ ಇಂಜಿನಿಯರ್, ಆನ್‌ಲೈನ್‌ನಲ್ಲಿ ತರಿಸು ನಾನೇ ಬಂದು ಕೂರಿಸುತ್ತೇನೆ ಅಂತಿದ್ದಾನೆ. ಏನು ಮಾಡಲಿ?

ಬಿಸಿಗಾಳಿ (ಮಿನಿಯಾಪೊಲಿಸ್)

ಎರಡನೆಯವರಿಗೇ ಕೊಡಿ. ನಾನು ಇದೇ ಕೆಲಸದಲ್ಲಿರುವವನು, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಸೈಜು. ನಿಮ್ಮ ಹಳೆಯದು 1,00,000 ಬಿಟಿಯು ಗ್ಯಾಸ್ ಉರಿಸಿ 80,000 ಮನೆಗೆ ಕೊಡುತ್ತಿತ್ತು, ಉಳಿದ 20,000 ಚಿಮಣಿಯಲ್ಲಿ ಹೋಗುತ್ತಿತ್ತು. ಮನೆಗೆ ಅಷ್ಟು ಬೇಕಿತ್ತಾ ಅನ್ನುವುದೇ ಪ್ರಶ್ನೆ. ವೈ-ಫೈ ಥರ್ಮೋಸ್ಟಾಟ್ ಇದ್ದರೆ ಕಳೆದ ಜನವರಿಯಲ್ಲಿ ಅತಿ ಚಳಿ ಇದ್ದ ದಿನ ಫರ್ನೇಸ್ ಒಟ್ಟು ಎಷ್ಟು ಗಂಟೆ ಓಡಿತು ಅಂತ ನೋಡಿ. 24ರಲ್ಲಿ 12 ಗಂಟೆ ಓಡಿದ್ದರೆ ಮನೆಗೆ ಸರಾಸರಿ ಬೇಕಾಗಿದ್ದು ಗಂಟೆಗೆ 40,000 ಅಷ್ಟೇ. ಕಿಟಕಿ, ಗೋಡೆ, ಇನ್ಸುಲೇಶನ್ ಎಲ್ಲ ಸೇರಿಸಿ ಇದನ್ನು ಸರಿಯಾಗಿ ಲೆಕ್ಕ ಹಾಕುವ ಪದ್ಧತಿಗೆ ಮ್ಯಾನ್ಯುಯಲ್ ಜೆ ಅಂತಾರೆ. ಎರಡನೆಯವರು ಮಾಡಿರುವುದು ಅದೇ. ಆ ಹಾಳೆಯ ಒಂದು ಕಾಪಿ ಕೇಳಿ ಇಟ್ಟುಕೊಳ್ಳಿ.

ದೊಡ್ಡದಿದ್ದರೆ ತಪ್ಪೇನು ಅಂತ ಎಲ್ಲರೂ ಕೇಳುತ್ತಾರೆ. ತಪ್ಪು ಗಾಳಿಯದ್ದು. ಫರ್ನೇಸ್ ಒಳಗೆ ಹಾದುಹೋಗುವ ಗಾಳಿ ಸುಮಾರು 50 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗಬೇಕು ಅಂತ ಇಟ್ಟುಕೊಳ್ಳಿ. 1,00,000ದ 96% ಫರ್ನೇಸ್‌ಗೆ ಆಗ ನಿಮಿಷಕ್ಕೆ ಸುಮಾರು 1,780 ಘನ ಅಡಿ ಗಾಳಿ ಬೇಕು. 60,000ದ್ದಕ್ಕೆ ಸುಮಾರು 1,070 ಸಾಕು. ನಿಮ್ಮ ಹಳೆ ಡಕ್ಟ್‌ನಲ್ಲಿ 1,780 ಹೋಗುವುದು ಅನುಮಾನ. ಗಾಳಿ ಸಾಲದೆ ಹೋದರೆ ಒಳಗೆ ಶಾಖ ಏರುತ್ತದೆ, ಲಿಮಿಟ್ ಸ್ವಿಚ್ ಉರಿ ಆರಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ, ಮತ್ತೆ ಆರುತ್ತದೆ. ಹೀಗೆ ಕಾದು ಆರಿ, ಕಾದು ಆರಿ ಲೋಹ ಬಿರುಕು ಬಿಡುತ್ತದೆ. ನಿಮ್ಮ ಹಳೆಯದಕ್ಕೂ ಇದೇ ಆಗಿರಬಹುದು. ಮಕ್ಕಳ ರೂಮು ತಣ್ಣಗಿರುವುದೂ ಫರ್ನೇಸ್ ಚಿಕ್ಕದಾಗಿ ಅಲ್ಲ. ಆ ರೂಮಿಗೆ ಹೋದ ಗಾಳಿ ವಾಪಸ್ ಬರಲು ದಾರಿ ಇಲ್ಲ. ಬಾಗಿಲು ಹಾಕಿದರೆ ಹೊಸ ಗಾಳಿ ಒಳಗೆ ಬರುವುದೂ ಕಮ್ಮಿಯಾಗುತ್ತದೆ. ಅದಕ್ಕೇ ಅವರು ಮೇಲೆ ರಿಟರ್ನ್ ಬೇಕು ಅನ್ನುತ್ತಿರುವುದು.

ಇನ್ನು ಮೊದಲನೆಯವರು ಹೇಳಿದ ಆ ಕಿಂಡಿ. ದಯವಿಟ್ಟು ಅದಕ್ಕೆ ಒಪ್ಪಬೇಡಿ! ನಿಮ್ಮ ವಾಟರ್ ಹೀಟರ್‌ನ ಹೊಗೆ ಯಾವ ಫ್ಯಾನೂ ಇಲ್ಲದೆ, ಬಿಸಿಯ ಬಲದಿಂದಷ್ಟೇ ಮೇಲೇರುತ್ತದೆ. ಅದೇ ರೂಮಿನಲ್ಲಿ ಫರ್ನೇಸ್‌ನ ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಜೋರಾಗಿ ಗಾಳಿ ಎಳೆದುಕೊಂಡರೆ ಆ ಹೊಗೆ ಕೆಳಗಿಳಿದು ಸೀದಾ ರಿಟರ್ನ್ ಡಕ್ಟ್‌ಗೆ ಹೋಗುತ್ತದೆ, ಅಲ್ಲಿಂದ ಎಲ್ಲ ಬೆಡ್‌ರೂಮಿಗೂ. ಇಂಥ ಉಪಕರಣದಿಂದ 10 ಅಡಿ ಒಳಗೆ ರಿಟರ್ನ್ ಬಾಯಿ ಇರಬಾರದು ಅಂತ ಕೋಡ್ (ಕಟ್ಟಡ ನಿಯಮ) ಹೇಳುವುದು ಇದಕ್ಕೇ.

ವಾಟರ್ ಹೀಟರ್ ತಂಟೆ ಯಾಕೆ ಅಂದಿರಲ್ಲ. ಈಗ ಫರ್ನೇಸ್, ವಾಟರ್ ಹೀಟರ್ ಎರಡರ ಹೊಗೆಯೂ ಒಂದೇ ಲೋಹದ ಕೊಳವೆಯಲ್ಲಿ ಸೂರಿನ ಮೇಲೆ ಹೋಗುತ್ತಿದೆ. ಆ ಕೊಳವೆಯನ್ನು ಬೆಚ್ಚಗಿಡುತ್ತಿದ್ದದ್ದು ಫರ್ನೇಸ್. 96% ಫರ್ನೇಸ್‌ನ ಹೊಗೆ ಎಷ್ಟು ತಣ್ಣಗೆ ಅಂದರೆ ಅದು ಪಿವಿಸಿ ಪೈಪಿನಲ್ಲಿ ಗೋಡೆಯಿಂದಲೇ ಹೊರಗೆ ಹೋಗುತ್ತದೆ. ಆಗ ಅಷ್ಟು ದೊಡ್ಡ ಕೊಳವೆಗೆ ವಾಟರ್ ಹೀಟರ್ ಒಂದೇ. ಅದರ 40,000 ಬಿಟಿಯು ಆ ಕೊಳವೆಯನ್ನು ಕಾಯಿಸಲು ಸಾಲದು. ಹೊಗೆ ಅರ್ಧ ದಾರಿಯಲ್ಲೇ ತಣ್ಣಗಾಗಿ ನೀರಾಗುತ್ತದೆ, ಕೊಳವೆ ತುಕ್ಕು ಹಿಡಿಯುತ್ತದೆ, ಎಳೆತ ಸತ್ತುಹೋಗಿ ಹೊಗೆ ವಾಪಸ್ ಬೇಸ್‌ಮೆಂಟ್‌ಗೆ ಇಳಿಯುತ್ತದೆ. ಅಪ್ಪ ಅಮ್ಮ ಮಲಗುವ ಬೇಸ್‌ಮೆಂಟ್‌ಗೆ. ಇದಕ್ಕೆ ಮೂರು ದಾರಿ ಇದೆ. ಕೊಳವೆಯ ಒಳಗೆ ಸಣ್ಣ ಲೈನರ್ (ಕಿರಿದಾದ ಒಳಕೊಳವೆ) ಇಳಿಸುವುದು, ಫ್ಯಾನ್ ಇರುವ ಪವರ್ ವೆಂಟ್ ವಾಟರ್ ಹೀಟರ್ ಹಾಕುವುದು, ಇಲ್ಲವೇ ಕರೆಂಟಿನದ್ದಕ್ಕೆ ಹೋಗುವುದು. ವಾಟರ್ ಹೀಟರ್ ಹಳೆಯದಾಗಿದ್ದರೆ ನಾನಂತೂ ಈಗಲೇ ಎರಡನ್ನೂ ಬದಲಿಸುತ್ತಿದ್ದೆ.

ಶುಂಠಿ ಕಾಫಿ (ಮಿಸಿಸಾಗಾ)

ಬಿಸಿಗಾಳಿ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮಂಥ ಅಡುಗೆ ಮಾಡುವ ಮನೆಗಳಿಗೆ ಇದು ತುಂಬ ಮುಖ್ಯ.

ಒಗ್ಗರಣೆ ಘಾಟು ಹೋಗಲಿ ಅಂತ ನಾವೆಲ್ಲ ಒಲೆಯ ಮೇಲೆ ದೊಡ್ಡ ಹುಡ್ (ಹೊಗೆ ಹೊರಗೆಳೆಯುವ ಫ್ಯಾನ್) ಹಾಕಿಸುತ್ತೇವೆ ಅಲ್ವಾ? ಅದು ನಿಮಿಷಕ್ಕೆ 400, 600 ಘನ ಅಡಿ ಗಾಳಿ ಹೊರಗೆ ತಳ್ಳುತ್ತದೆ. ಚಳಿಗಾಲದಲ್ಲಿ ಕಿಟಕಿ ಎಲ್ಲ ಭದ್ರ. ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಸುಲಭವಾಗಿ ತೆರೆದಿರುವ ದಾರಿ ವಾಟರ್ ಹೀಟರ್ ಚಿಮಣಿ. ನಮ್ಮ ಮನೆಯಲ್ಲಿ ಹೀಗೇ ಆಗುತ್ತಿತ್ತು. ಹೈ ಎಫಿಶಿಯೆನ್ಸಿ ಫರ್ನೇಸ್ ಹಾಕಿಕೊಟ್ಟವರು ವಾಟರ್ ಹೀಟರ್ ಕಡೆ ತಿರುಗಿಯೂ ನೋಡಿರಲಿಲ್ಲ. ಆಮೇಲೆ ಬೇರೊಬ್ಬ ಟೆಕ್ನಿಷಿಯನ್ ಬಂದು, ದೇವರ ಮನೆಯಿಂದ ಒಂದು ಊದುಬತ್ತಿ ಕೊಡಿ ಅಂದರು.

ಅವರು ಮಾಡಿದ್ದು ಇಷ್ಟು. ಕಿಟಕಿ, ಹೊರಬಾಗಿಲು ಎಲ್ಲ ಹಾಕಿಸಿದರು. ಅಡುಗೆಮನೆ ಹುಡ್ ಹೈನಲ್ಲಿ, ಬಾತ್‌ರೂಮ್ ಫ್ಯಾನ್‌ಗಳು, ಬಟ್ಟೆ ಡ್ರೈಯರ್, ಫರ್ನೇಸ್ ಬ್ಲೋವರ್ ಎಲ್ಲ ಒಟ್ಟಿಗೆ ಓಡಿಸಿದರು. ಬಿಸಿನೀರಿನ ನಲ್ಲಿ ಬಿಟ್ಟು ವಾಟರ್ ಹೀಟರ್ ಹೊತ್ತಿಕೊಳ್ಳುವ ಹಾಗೆ ಮಾಡಿ ಐದು ನಿಮಿಷ ಕಾದರು. ಹೀಟರ್ ತಲೆಯ ಮೇಲೆ, ಚಿಮಣಿ ಶುರುವಾಗುವ ಕಡೆ, ಕೊಡೆ ಥರ ಒಂದು ತಗಡಿನ ಟೋಪಿ ಇರುತ್ತದೆ. ಅದರ ಅಂಚಿಗೆ ಊದುಬತ್ತಿ ಹಿಡಿದರು. ಹೊಗೆಯ ಎಳೆ ಒಳಗೆ ಸೇದಿಕೊಂಡು ಹೋಗಬೇಕು. ನಮ್ಮಲ್ಲಿ ಅದು ಅಂಚಿನಲ್ಲಿ ಬಾಗಿ ಸೀದಾ ನಮ್ಮ ಮುಖದ ಕಡೆಗೆ ಬಂತು. ಹುಡ್ ಆಫ್ ಮಾಡಿದ ತಕ್ಷಣ ತಿರುಗಿ ಒಳಗೆ ಹೋಯಿತು. ಅಂದರೆ ಸಂಜೆ ಅಡುಗೆ ಹೊತ್ತಿನಲ್ಲಿ ಮಗ ಸ್ನಾನ ಮಾಡಿದಾಗಲೆಲ್ಲ ಹೊಗೆ ಮನೆಯೊಳಗೆ ಇಳಿಯುತ್ತಿತ್ತು. ಈಗ ಪವರ್ ವೆಂಟ್ ಹೀಟರ್ ಹಾಕಿಸಿದ್ದೇವೆ. ಹುಡ್ ಓಡುವಾಗ ಹೊರಗಿನ ಗಾಳಿ ಬರಲು ಬೇರೆ ಡಕ್ಟೂ ಇದೆ. ಅಮೆರಿಕದ ಕೋಡ್‌ನಲ್ಲೂ 400ಕ್ಕಿಂತ ಜೋರಿನ ಹುಡ್‌ಗೆ ಹೀಗೆ ಬದಲಿ ಗಾಳಿ ಕೇಳುತ್ತಾರೆ, ನಿಮ್ಮ ಇನ್ಸ್‌ಪೆಕ್ಟರ್ ಹತ್ತಿರ ವಿಚಾರಿಸಿ. ಮೊದಲೇ ಗ್ಯಾಸ್ ವಾಸನೆ ಇದ್ದರೆ ಮಾತ್ರ ಊದುಬತ್ತಿ, ಬೆಂಕಿಕಡ್ಡಿ ಏನೂ ಹಚ್ಚಬೇಡಿ, ಸ್ವಿಚ್ ಕೂಡ ಮುಟ್ಟಬೇಡಿ, ಹೊರಗೆ ಹೋಗಿ ಫೋನ್ ಮಾಡಿ.

ಈ ವಿಷಯ ಇಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2008ರ ಡಿಸೆಂಬರ್‌ನಲ್ಲಿ ಒಂಟಾರಿಯೋದ ವುಡ್‌ಸ್ಟಾಕ್‌ನಲ್ಲಿ ಗ್ಯಾಸ್ ಫೈರ್‌ಪ್ಲೇಸ್‌ನ ಹೊಗೆ ದಾರಿ ಮುಚ್ಚಿಹೋಗಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ತೀರಿಕೊಂಡರು. ಮನೆಯಲ್ಲಿ ಅಲಾರಂ ಇರಲಿಲ್ಲ. 2013ರಲ್ಲಿ ಅದೇ ಕುಟುಂಬದ ಹೆಸರಿನಲ್ಲಿ ಹಾಕಿನ್ಸ್ ಗಿನ್ಯಾಕ್ ಆಕ್ಟ್ ಬಂತು, ಈಗ ಇಂಥ ಮನೆಗಳಲ್ಲಿ ಕಾರ್ಬನ್ ಮಾನಾಕ್ಸೈಡ್ (ಹೊಗೆಯಲ್ಲಿರುವ, ವಾಸನೆಯಿಲ್ಲದ ವಿಷಾನಿಲ) ಅಲಾರಂ ಕಡ್ಡಾಯ.

ತುಂಗೆಯ ನೀರು (ಟ್ರಾಯ್, ಮಿಶಿಗನ್)

ತಮ್ಮನ ವಿಷಯಕ್ಕೆ ಬರುತ್ತೇನೆ. ಮಿಶಿಗನ್‌ನಲ್ಲಿ ಸ್ವಂತ ಮನೆಗೆ ಮನೆಯವರೇ ಪರ್ಮಿಟ್ ತೆಗೆಯಬಹುದು ನಿಜ, ಆದರೆ ಕೆಲಸವನ್ನು ನೀವೇ ಮಾಡುತ್ತೇನೆ ಅಂತ ಬರೆದುಕೊಡಬೇಕು. ಒಹಾಯೋ ತಮ್ಮ ಬಂದು ಮಾಡುವುದು ಅದರಲ್ಲಿ ಬರುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ್ದಕ್ಕೆ ಎಷ್ಟೋ ಕಂಪನಿಗಳು ವಾರಂಟಿಯನ್ನೂ ಕೊಡುವುದಿಲ್ಲ. ತಮ್ಮನಿಗೆ ಬೇಜಾರಾಗದ ಹಾಗೆ ಹೇಳಿ: ಗ್ಯಾಸ್ ಮತ್ತು ಹೊಗೆ ಲೈಸೆನ್ಸ್ ಇದ್ದವರಿಗೆ ಬಿಡೋಣ, ಡಕ್ಟ್ ಸೀಲಿಂಗ್ ನಿನ್ನದು ಅಂತ.

ಅದು ಸಣ್ಣ ಕೆಲಸ ಏನಲ್ಲ. ಡಕ್ಟ್ ಜಾಯಿಂಟುಗಳಲ್ಲಿ ಸೋರಿ ಸಾಮಾನ್ಯವಾಗಿ 20ರಿಂದ 30% ಗಾಳಿ ಪೋಲಾಗುತ್ತದೆ. ರಿಟರ್ನ್ ಡಕ್ಟ್ ಬೇಸ್‌ಮೆಂಟ್‌ನಲ್ಲಿ ಸೋರುತ್ತಿದ್ದರಂತೂ, ಆ ಕಿಂಡಿ ಕೊಯ್ದಷ್ಟೇ ಅಪಾಯ. ಸಂದು ಮುಚ್ಚುವ ಅಂಟು, ಮ್ಯಾಸ್ಟಿಕ್ ಅಂತ ಡಬ್ಬದಲ್ಲಿ ಸಿಗುತ್ತದೆ, ಮೊಸರಿನಷ್ಟು ಗಟ್ಟಿ ಇರುತ್ತದೆ, ಬ್ರಷ್‌ನಲ್ಲಿ ದಪ್ಪಗೆ ಬಳಿಯಬೇಕು. ಬೂದು ಬಣ್ಣದ ಬಟ್ಟೆ ಟೇಪಿಗೆ ಡಕ್ಟ್ ಟೇಪ್ ಅಂತ ಹೆಸರಿದ್ದರೂ ಡಕ್ಟ್‌ಗೆ ಮಾತ್ರ ಹಾಕಬೇಡಿ, ಬಿಸಿಗೆ ಅಂಟು ಒಣಗಿ ಉದುರುತ್ತದೆ. 1998ರಲ್ಲೇ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನವರು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಟೇಪೇ ಬೇಕಾದರೆ ಯುಎಲ್ 181 ಅಂತ ಅಚ್ಚಾಗಿರುವ ಫಾಯಿಲ್ ಟೇಪ್ ತನ್ನಿ.

ಹೇಮಾವತಿ ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಥರ್ಮೋಸ್ಟಾಟ್ ನೋಡಿದೆ, ಕಳೆದ ಜನವರಿಯ ಅತಿ ಚಳಿಯ ದಿನ 11 ಗಂಟೆ ಓಡಿದೆ. ಎರಡನೆಯವರಿಗೇ ಕೊಡುತ್ತಿದ್ದೇವೆ, ಪವರ್ ವೆಂಟ್ ವಾಟರ್ ಹೀಟರ್ ಸೇರಿಸಿ. ತಮ್ಮನೂ ಒಪ್ಪಿದ, ಮ್ಯಾಸ್ಟಿಕ್ ಡಬ್ಬ ಅವನೇ ತರುತ್ತಾನಂತೆ. ಕೆಲಸ ಮುಗಿದ ದಿನ ಏನೇನು ನೋಡಿಕೊಳ್ಳಬೇಕು? ಅಪ್ಪ ಅಮ್ಮನ ರೂಮಿಗೆ ಅಲಾರಂ ಒಂದು ಸಾಕಾ?

ಬಿಸಿಗಾಳಿ (ಮಿನಿಯಾಪೊಲಿಸ್)

11 ಗಂಟೆ ಅಂದರೆ ಸರಾಸರಿ 37,000 ಹತ್ತಿರ. 60,000ದ್ದು 57,600 ಕೊಡುತ್ತದೆ, ಧಾರಾಳ ಆಯಿತು.

ಮುಗಿದ ದಿನ ಅಳತೆಗಳನ್ನು ಬರೆದುಕೊಡಿ ಅಂತ ಕೇಳಿ. ಬರ್ನರ್‌ಗೆ ಹೋಗುವ ಗ್ಯಾಸ್ ಒತ್ತಡ ನ್ಯಾಚುರಲ್ ಗ್ಯಾಸ್‌ಗೆ ಸಾಮಾನ್ಯವಾಗಿ 3.5 ಇಂಚು ನೀರಿನ ಮಟ್ಟ (ಗ್ಯಾಸ್ ಒತ್ತಡ ಅಳೆಯುವ ಮಾನ). ಗಾಳಿ ಎಷ್ಟು ಡಿಗ್ರಿ ಏರುತ್ತಿದೆ, ಡಕ್ಟ್‌ನ ಸ್ಟ್ಯಾಟಿಕ್ ಪ್ರೆಶರ್ (ಗಾಳಿ ತಳ್ಳಲು ಬ್ಲೋವರ್‌ಗೆ ಎದುರಾಗುವ ಒತ್ತಡ) ಎಷ್ಟು, ಇವೆರಡೂ ಪ್ಲೇಟ್ ಮೇಲಿನ ಮಿತಿಯೊಳಗೆ ಇರಬೇಕು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಅಂತ ಅನಲೈಸರ್ ಹಾಕಿ ನೋಡಿಯೇ ಹೋಗಬೇಕು. ಗ್ಯಾಸ್ ಸರಿಯಾದ ಪ್ರಮಾಣದಲ್ಲಿ ಉರಿಯುತ್ತಿದೆಯಾ ಅಂತ ನೀವೂ ನೋಡಬಹುದು. ಬೇರೆ ಎಲ್ಲ ಗ್ಯಾಸ್ ಉಪಕರಣ ಆಫ್ ಮಾಡಿ, ಹೊರಗೆ ಮೀಟರ್ ಹತ್ತಿರ ನಿಂತು, ಒಂದು ಘನ ಅಡಿ ಹೋಗಲು ಎಷ್ಟು ಸೆಕೆಂಡ್ ಅಂತ ಗಡಿಯಾರ ಹಿಡಿಯಿರಿ. ನಿಮ್ಮದಕ್ಕೆ 60 ಸೆಕೆಂಡ್ ಆಸುಪಾಸು ಬರಬೇಕು.

ಪಿವಿಸಿ ಪೈಪ್ ಫರ್ನೇಸ್ ಕಡೆಗೆ ಅಡಿಗೆ ಕಾಲು ಇಂಚು ಇಳಿಜಾರು ಇರಲಿ, ಇಲ್ಲದಿದ್ದರೆ ನೀರು ನಿಂತು ಹೊಗೆ ದಾರಿ ಕಟ್ಟುತ್ತದೆ. ಇಳಿಯುವ ನೀರು ಹುಳಿ ಗುಣದ್ದು. ಹಳೆ ಕಬ್ಬಿಣದ ಡ್ರೈನ್ ಇದ್ದರೆ ಸುಣ್ಣಕಲ್ಲಿನ ಚೂರು ತುಂಬಿದ ನ್ಯೂಟ್ರಲೈಸರ್ ಹಾಕಿಸಿ. ಫರ್ನೇಸ್ ಹತ್ತಿರ ಬ್ಲೀಚ್, ಪೇಂಟ್ ತಿನ್ನರ್, ಪೆಟ್ರೋಲ್ ಕ್ಯಾನ್ ಇಡಬೇಡಿ.

ಶುಂಠಿ ಕಾಫಿ (ಮಿಸಿಸಾಗಾ)

ಒಂದು ಸಾಲದು. ಪ್ರತಿ ಮಹಡಿಗೆ ಒಂದು, ಬೆಡ್‌ರೂಮುಗಳ ಹತ್ತಿರ ಒಂದು, ಅಪ್ಪ ಅಮ್ಮನ ರೂಮಿನೊಳಗೇ ಒಂದು. ಆ ರೂಮಿಗೆ ಹೊರಗೆ ದಾಟಿ ಬರುವಷ್ಟು ದೊಡ್ಡ ಕಿಟಕಿಯೂ ಇರಬೇಕು. ಸಾಮಾನ್ಯ ಅಲಾರಂ ಕಾರ್ಬನ್ ಮಾನಾಕ್ಸೈಡ್ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಇದ್ದರೂ ಒಂದರಿಂದ ನಾಲ್ಕು ಗಂಟೆ ಆದ ಮೇಲೆಯೇ ಕೂಗುವುದು. ಹಾಗಾಗಿ ಕಮ್ಮಿ ಮಟ್ಟವನ್ನೂ ಅಂಕಿಯಲ್ಲಿ ತೋರಿಸುವ ಮಾದರಿ ತೆಗೆದುಕೊಳ್ಳಿ.

ಅಪ್ಪ ಅಮ್ಮನಿಗೆ ಬಿಡಿಸಿ ಹೇಳಿ. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಅವರು ಪ್ರಯಾಣದ ಆಯಾಸ, ಚಳಿ ಅಂದುಕೊಂಡು ಕಂಬಳಿ ಹೊದ್ದು ಮಲಗಿಬಿಡುತ್ತಾರೆ. ಹೊರಗೆ ಹೋದಾಗ ಕಮ್ಮಿಯಾಗಿ, ಮನೆಯೊಳಗೆ ಬಂದರೆ ಮತ್ತೆ ಶುರುವಾಗುವ ತಲೆನೋವನ್ನು ಮುಚ್ಚಿಡದೆ ಹೇಳಬೇಕು. ಅಲಾರಂ ಪಕ್ಕದಲ್ಲಿ ಕನ್ನಡದಲ್ಲೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ: "ನಾಲ್ಕು ಸಲ ಕೂಗಿ, ನಿಂತು, ಮತ್ತೆ ನಾಲ್ಕು ಸಲ ಕೂಗಿದರೆ ಸ್ವೆಟರ್ ಹುಡುಕಬೇಡಿ, ಮೊದಲು ಹೊರಗೆ ಬನ್ನಿ, 911ಕ್ಕೆ ಫೋನ್ ಮಾಡಿ." ಆಗೊಮ್ಮೆ ಈಗೊಮ್ಮೆ ಒಂದೇ ಸಲ ಕಿಚ್ ಅಂದರೆ ಬ್ಯಾಟರಿ ಮುಗಿದಿದೆ ಅಥವಾ ಅಲಾರಂನ ಆಯಸ್ಸು ಮುಗಿದಿದೆ ಅಂತ.

ತುಂಗೆಯ ನೀರು (ಟ್ರಾಯ್, ಮಿಶಿಗನ್)

ಫರ್ನೇಸ್‌ನ ಹೊರಗಿನ ಎರಡು ಪೈಪಿನ (ಒಂದು ಗಾಳಿ ಒಳಗೆ ಬರಲು, ಒಂದು ಹೊಗೆ ಹೊರಗೆ ಹೋಗಲು) ಬಾಯಿ ಹಿಮ ಕೂರುವ ಮಟ್ಟಕ್ಕಿಂತ 12 ಇಂಚು ಮೇಲೆ ಇರುವ ಹಾಗೆ ಹೇಳಿ ಹಾಕಿಸಿ. ಗಾಳಿ ಹಿಮವನ್ನು ಯಾವ ಗೋಡೆಗೆ ಗುಡ್ಡೆ ಹಾಕುತ್ತದೆ ಅಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ, ಅವರಿಗೆ ತೋರಿಸಿ. ದೊಡ್ಡ ಹಿಮ ಬಿದ್ದ ಬೆಳಗ್ಗೆ ಡ್ರೈವ್‌ವೇಗಿಂತ ಮೊದಲು ಆ ಪೈಪ್ ಸುತ್ತ ಸಲಿಕೆ ಆಡಿಸಿ, ಸ್ನೋ ಬ್ಲೋವರ್ ಆ ಕಡೆ ತಿರುಗಿಸಬೇಡಿ. ಪರ್ಮಿಟ್ ಕಾಂಟ್ರಾಕ್ಟರ್ ಹೆಸರಿನಲ್ಲಿದ್ದರೂ ಇನ್ಸ್‌ಪೆಕ್ಷನ್ ಆಯಿತಾ ಅಂತ ಟೌನ್‌ಶಿಪ್‌ಗೆ ನೀವೇ ಫೋನ್ ಮಾಡಿ ಕೇಳಿ. ಕೊನೆಯ ಕಂತಿನ ದುಡ್ಡು ಅದು ಪಾಸಾದ ಮೇಲೆ ಕೊಟ್ಟರೆ ಸಾಕು.