ಮುಳುಗಡೆ ಮನೆಯ ಟ್ರಂಕು, ಮೂರು ಜನ ಮಂಜಪ್ಪ: ಹಳೇ ಕಾಗದ ಉಳಿಸ್ಕೊಳ್ಳೋದು ಹೇಗೆ?

ಸಾಗರದ ಸುಮಾ
ಎಲ್ರಿಗೂ ನಮಸ್ಕಾರ. ನಮ್ದು ಶರಾವತಿ ಮುಳುಗಡೆ ಕುಟುಂಬ. ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಮುಗೀತಲ್ಲ, ಅದಕ್ಕೆ ಮುಂಚೆನೇ ಅಜ್ಜ ಹೆಂಚು, ಬಾಗ್ಲು, ದನಕರು ಎಲ್ಲ ಸಾಗಿಸ್ಕೊಂಡು ಈ ಕಡೆ ಬಂದ್ರಂತೆ, ಜೊತೆಗೊಂದು ತಗಡಿನ ಟ್ರಂಕು. ಹೋದ್ವಾರ ಅಟ್ಟದಿಂದ ಇಳಿಸಿ ತೆಗೆದ್ರೆ ಕಂದಾಯ ರಸೀದಿ, ಮಂಡಿ ಲೆಕ್ಕ, ಸಾಲಪತ್ರ, ಪರಿಹಾರದ ನೋಟೀಸು, ಜಾತಕ, ಮತ್ತೆ ಮಡಚಿಟ್ಟ ಒಂದು ಕಡತ. ಕಪ್ಪು ಬಟ್ಟೆ ಮೇಲೆ ಬಳಪದಲ್ಲಿ ಬರ್ದಿದ್ದು, ಬೆರಳು ತಾಗಿದ್ರೆ ಅಕ್ಷರ ಹೋಗತ್ತೆ. ಅರ್ಧ ಕಾಗದಕ್ಕೆ ಬೂಷ್ಟು, ಅಂಚೆಲ್ಲ ಗೆದ್ಲು ತಿಂದಿದೆ. ಅಜ್ಜನ ಅಜ್ಜ ಮಂಜಪ್ಪ, ಅಜ್ಜನೂ ಮಂಜಪ್ಪ, ಅಜ್ಜನ ದೊಡ್ಡಪ್ಪನ ಮಗನೂ ಮಂಜಪ್ಪ, ಯಾವ್ದು ಯಾರದ್ದು ತಿಳೀತಿಲ್ಲ. ಊರೇ ನೀರೊಳಗಿದೆ, ನಮ್ಗೆ ಉಳಿದಿರೋದು ಇಷ್ಟೇ. ಲ್ಯಾಮಿನೇಷನ್ ಮಾಡಿಸ್ಲಾ?

ಹೊಸನಗರದ ರವಿ
ಲ್ಯಾಮಿನೇಷನ್ ಬೇಡವೇ ಬೇಡ ಅಕ್ಕಾ, ಬಿಸಿಗೆ ಪ್ಲಾಸ್ಟಿಕ್ ಅಂಟ್ಕೊಂಡ್ರೆ ಮತ್ತೆ ಬಿಡಿಸಕ್ಕಾಗಲ್ಲ. ಸೆಲ್ಲೋಟೇಪೂ ಹಾಕ್ಬೇಡಿ, ಹಳದಿಯಾಗಿ ಕಾಗದ ಸಮೇತ ಕಿತ್ಕೊಂಡು ಬರತ್ತೆ. ಬಿಸ್ಲಿಗೂ ಬೇಡ, ನೆರಳಲ್ಲೇ ಆರಿಸಿ, ಮೂಗಿಗೆ ಬಟ್ಟೆ ಕಟ್ಕೊಂಡು ಮೆತ್ತನೆ ಬ್ರಷ್‌ನಲ್ಲಿ ಬೂಷ್ಟು ತೆಗೀರಿ. ಆಮೇಲೆ ಕಿಟಕಿ ಬೆಳಕಲ್ಲಿ ಮೊಬೈಲಲ್ಲೇ ಫೋಟೋ, ಫ್ಲಾಶ್ ಇಲ್ದೆ, ಹಿಂದ್ಗಡೆನೂ ತಪ್ಪದೆ, ನಮ್ಮನೇಲಿ ಒಂದು ರಸೀದಿ ಬೆನ್ನಿಗೇ ಅತ್ತೆ ಹುಟ್ಟಿದ ತಾರೀಕು ಸಿಕ್ಕಿದ್ದು. ಕಡತ ಮಾತ್ರ ಒರೆಸ್ಬೇಡಿ. ಕೆಳದಿ ಮ್ಯೂಸಿಯಂನಲ್ಲಿ ಕಡತ, ತಾಳೆಗರಿ ಎಲ್ಲ ಇಟ್ಟಿದಾರೆ, ಮೊದ್ಲು ಅಲ್ಲಿ ಕೇಳಿ.

ಕೊಪ್ಪದ ಗಿರೀಶ
ನಾನೀಗ ಕೆನಡಾದ ವಿನ್ನಿಪೆಗ್‌ನಲ್ಲಿದೀನಿ. ಪಕ್ಕದ ಮನೆಯವ್ರು ಮೆನ್ನೊನೈಟ್ ಪಂಥದ ಕ್ರಿಶ್ಚಿಯನ್ರು, ಯುದ್ಧಕ್ಕೆ ಹೋಗಲ್ಲ ಅನ್ನೋ ನಂಬಿಕೆಯವ್ರು. ರಷ್ಯಾದಲ್ಲಿ ಸೈನ್ಯಕ್ಕೆ ಸೇರೋದು ಕಡ್ಡಾಯ ಆಗತ್ತೆ ಅಂತ 1870ರ ದಶಕದಲ್ಲಿ ಈಗಿನ ಉಕ್ರೇನ್ ಕಡೆಯಿಂದ ಅವರ ಹಿರೀಕರು ಎದ್ದು ಬಂದ್ರು. ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಚರ್ಚಿನ ಪುಸ್ತಕದಲ್ಲಿ ಬರ್ದಿಡ್ತಿದ್ರು, ಹಳೇ ಜರ್ಮನ್ ಕೈಬರಹ, ಈಗಿನ ಮಕ್ಳಿಗೆ ಓದಕ್ಕೆ ಬರಲ್ಲ, ನಮ್ಗೆ ಹಳೇ ಕೂಡುಬರಹದ ಮೋಡಿ ಅಕ್ಷರ ಬರದಂಗೆ. ಅವರಲ್ಲೂ ಪೀಟರ್, ಯಾಕೋಬ್, ಇವೇ ಹೆಸ್ರು ತಿರುಗಾ ತಿರುಗಾ. ಅದಕ್ಕೇ ಅವರ ಪಂಥದವರ ವಂಶಾವಳಿಯ 'ಗ್ರ್ಯಾಂಡ್ಮಾ' ಅನ್ನೋ ಡೇಟಾಬೇಸ್‌ನಲ್ಲಿ ಒಬ್ಬೊಬ್ಬರಿಗೂ ಒಂದೊಂದು ನಂಬರ್, ಹತ್ತು ಲಕ್ಷಕ್ಕೂ ಮೇಲೆ ಹೆಸ್ರಿದೆ. ನೀವೂ ಮಂಜಪ್ಪ 1, 2, 3 ಅಂತ ಮಾಡಿ, ಪ್ರತಿ ಫೋಟೋ ಫೈಲಿಗೂ ಆ ನಂಬರೇ ಕೊಡಿ.

ತೀರ್ಥಹಳ್ಳಿ ಶಾರದಕ್ಕ
ಕಾಗದ ಇನ್ನೊಂದು ತಿಂಗಳು ತಡೆಯತ್ತೆ ಸುಮಾ, ಹಿರಿಯರನ್ನ ಮೊದ್ಲು ಮಾತಾಡ್ಸಮ್ಮ. ನಮ್ಮ ದೊಡ್ಡತ್ತೆಗೆ ಏಳು ಮನೆ ಸಂಬಂಧ ಬಾಯಲ್ಲೇ ಇತ್ತು, ಅಡಿಕೆ ಕೊಯ್ಲು ಮುಗೀಲಿ ಅಂತ ಮುಂದೂಡ್ದೆ, ಕೊಯ್ಲು ಮುಗಿಯೋದ್ರೊಳಗೆ ಹೋಗ್ಬಿಟ್ರು. ಈಗ್ಲೂ ಹೊಟ್ಟೆ ಉರಿಯತ್ತೆ. ಹೆಂಗಸರನ್ನೇ ಕೇಳು, ಯಾವ ಹೆಣ್ಣು ಯಾವೂರಿಗೆ ಹೋದ್ಳು ಅನ್ನೋದು ಪಹಣೀಲಿ ಸಿಗಲ್ಲ.

ಸಾಗರದ ಸುಮಾ
ಶಾರದಕ್ಕಾ, ನಿನ್ನೆನೇ ಅಜ್ಜನ ತಂಗಿ ಮನೆಗೆ ಹೋದೆ, ಎರಡು ತಾಸು ರೆಕಾರ್ಡ್ ಮಾಡ್ದೆ. ಸಾಲಪತ್ರ ಕೈಗೆ ಕೊಟ್ಟೆ, ಕನ್ನಡಕ ಹಾಕ್ಕೊಂಡು ನೋಡಿ "ಹೆಬ್ಬೆಟ್ಟು ಒತ್ತಿದ್ರೆ ದೊಡ್ಡಪ್ಪನ ಮಗ ಮಂಜಣ್ಣ, ನಮ್ಮಣ್ಣ ರುಜು ಹಾಕ್ತಿದ್ದ" ಅಂದ್ರು. ಮನೆಗೆ ಬಂದು ವಿಂಗಡಿಸಿದೆ, ಹನ್ನೊಂದ್ರಲ್ಲಿ ನಾಕು ಹೆಬ್ಬೆಟ್ಟಿಂದು.