ಪ್ರಶ್ನೋತ್ತರ: ಡೀಸೆಲ್ ಇಂಜಿನ್ ಮಾರಿ ಸೋಲಾರ್ ಹಾಕಿದರೆ ಲೆಕ್ಕ ಕೂಡುತ್ತಾ?

ಪ್ರಶ್ನೆ (ಕಾಫಿ ಬೆಳೆಗಾರ, ಸಕಲೇಶಪುರ): ಸರ್ ನಮಸ್ಕಾರ. ನಮ್ಮದು 12 ಎಕರೆ ರೊಬಸ್ಟಾ. ಅಪ್ಪನ ಕಾಲದಲ್ಲಿ ಹೂ ಮಳೆ ನಂಬಿಕೊಂಡೇ ತೋಟ ಮಾಡ್ತಿದ್ರು. ಈಗ ಅದನ್ನು ಕಾಯ್ತಾ ಕೂತರೆ ಮೊಗ್ಗು ಒಣಗುತ್ತೆ. ಹಳ್ಳದ ಹತ್ತಿರ 20 ಎಚ್‌ಪಿ ಡೀಸೆಲ್ ಇಂಜಿನ್ ಇಟ್ಟು ಸ್ಪ್ರಿಂಕ್ಲರ್ ಹೊಡೀತೀವಿ. ಈ ಸಲ ಹೂವಿಗೆ ಒಂದು ಸುತ್ತು, ಬ್ಯಾಕಿಂಗ್‌ಗೆ (ಹೂ ಅರಳಿದ ಮೇಲೆ ಕಾಯಿ ಕಚ್ಚೋಕೆ ಕೊಡೋ ನೀರು) ಒಂದು ಸುತ್ತು, ಒಟ್ಟು 400 ಲೀಟರ್ ಡೀಸೆಲ್ ಆಯ್ತು. ಲೀಟರ್ 90ರ ಲೆಕ್ಕದಲ್ಲಿ 36 ಸಾವಿರ. ಸೋಲಾರ್ ಮಾರುವವರೊಬ್ಬರು ಬಂದು ನೋಡಿ, "ಇಂಜಿನ್ ಮಾರಿಬಿಡಿ, 20 ಕಿಲೋವ್ಯಾಟ್ ಪ್ಯಾನಲ್ ಹಾಕ್ಕೊಡ್ತೀನಿ, 10 ಲಕ್ಷ, ಆಮೇಲೆ ಖರ್ಚೇ ಇಲ್ಲ" ಅಂದ್ರು. ಸಾಲ ಶೇ. 9ಕ್ಕೆ ಸಿಗುತ್ತೆ. ಈ ಹೊಗೆ ನಿಲ್ಲಿಸಿ ಅಂತ ಮಗಳದ್ದೂ ಒತ್ತಾಯ. ತಗೊಳ್ಳಲಾ?

ಉತ್ತರ (ಎಲೆಕ್ಟ್ರಿಕಲ್ ಇಂಜಿನಿಯರ್, ಹಾಸನ): ನಮಸ್ಕಾರ. ಪಂಪು, ಸೋಲಾರ್ ವಿನ್ಯಾಸ ಮಾಡೋದೇ ನನ್ನ ಕೆಲಸ. ಆದರೂ ಹೇಳ್ತೀನಿ, ಈ 10 ಲಕ್ಷ ಹಾಕಬೇಡಿ.

ಎಚ್‌ಪಿ ಎಷ್ಟು ಅನ್ನೋದಕ್ಕಿಂತ, ವರ್ಷಕ್ಕೆ ಎಷ್ಟು ಗಂಟೆ ಓಡುತ್ತೆ ಅಂತ ಮೊದಲು ನೋಡಿ. 20 ಎಚ್‌ಪಿ ಇಂಜಿನ್ ಗಂಟೆಗೆ ಹೆಚ್ಚುಕಡಿಮೆ 4 ಲೀಟರ್ ಕುಡಿಯುತ್ತೆ. 400 ಲೀಟರ್ ಅಂದರೆ 100 ಗಂಟೆ. ಅಷ್ಟರಲ್ಲಿ ಅದು ಕೊಟ್ಟ ಶಕ್ತಿ ಸುಮಾರು 1,500 ಯೂನಿಟ್, ಯೂನಿಟ್‌ಗೆ 24 ರೂಪಾಯಿ ಬಿತ್ತು. ದುಬಾರಿ ನಿಜ. ಆದರೆ 10 ಲಕ್ಷಕ್ಕೆ ಶೇ. 9ರಂತೆ ಮೊದಲ ವರ್ಷದ ಬಡ್ಡಿಯೇ 90 ಸಾವಿರ! ಅಸಲಿನ ಮಾತು ಬೇರೆ. 36 ಸಾವಿರ ಉಳಿಸೋಕೆ 90 ಸಾವಿರ ಕಟ್ಟಿದ ಹಾಗಾಗುತ್ತೆ. 20 ಕಿಲೋವ್ಯಾಟ್ ಪ್ಯಾನಲ್ ವರ್ಷಕ್ಕೆ 25 ಸಾವಿರ ಯೂನಿಟ್‌ಗಿಂತ ಹೆಚ್ಚು ಕೊಡಬಲ್ಲದು, ನಿಮಗೆ ಬೇಕಾಗಿರೋದು ಒಂದೂವರೆ ಸಾವಿರ. ಉಳಿದದ್ದು ಲೈನಿಗೆ ಹೋಗೋ ವ್ಯವಸ್ಥೆ ಇಲ್ಲದಿದ್ದರೆ ಪ್ಯಾನಲ್ ಸುಮ್ಮನೆ ಬಿಸಿಲು ಕಾಯ್ತಾ ಇರುತ್ತೆ. ಅದೂ ಅಲ್ಲದೆ ಮಧ್ಯಾಹ್ನದ ಗಾಳಿಗೆ ನೀರು ಚೆದುರುತ್ತೆ ಅಂತ ನೀವೆಲ್ಲ ರಾತ್ರಿ, ಬೆಳಗಿನ ಜಾವ ಹೊಡೆಯೋರು. ಆ ಹೊತ್ತಲ್ಲಿ ಬಿಸಿಲೆಲ್ಲಿ?

ಡೀಸೆಲ್ ಇಂಜಿನ್ ಕೊಳ್ಳುವಾಗ ಅಗ್ಗ, ಓಡಿಸುವಾಗ ದುಬಾರಿ. ನಿಂತಾಗ ಏನೂ ಕೇಳಲ್ಲ. ಸೋಲಾರ್ ಇದಕ್ಕೆ ತಿರುಗಾಮುರುಗಾ, 25 ವರ್ಷದ ಕರೆಂಟನ್ನು ಮೊದಲ ದಿನವೇ ದುಡ್ಡು ಕೊಟ್ಟು ಕೊಂಡ ಹಾಗೆ. ಹಾಗಾಗಿ ದಿನಾ ನಡೆಯುವ ಕೆಲಸಕ್ಕೆ ಹಾಕಿದರೆ ಮಾತ್ರ ಅದು ಗೆಲ್ಲುತ್ತೆ.

ಮಗಳ ಮಾತನ್ನು ತಳ್ಳಿಹಾಕಬೇಡಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತೆ, ನಿಮ್ಮದು ವರ್ಷಕ್ಕೆ ಒಂದು ಟನ್ ದಾಟುತ್ತೆ. ಅದನ್ನು ಇಳಿಸೋ ದಾರಿ ಇದೆ. ತೋಟದ ತಲೆಯಲ್ಲಿ ಹೊಂಡ ಮಾಡೋಕೆ ಜಾಗ ಇದೆಯಾ? ಹಳ್ಳದಿಂದ ಎಷ್ಟು ಎತ್ತರ?

ಪ್ರಶ್ನೆ ಕೇಳಿದವರು: ಇದೆ ಸರ್. ಕಣದ ಪಕ್ಕ ಹಳೇ ಗುಂಡಿ ಇದೆ, ನೀರು ಇಂಗಿಹೋಗುತ್ತೆ ಅಂತ ಬಿಟ್ಟಿದ್ವಿ. ಹಳ್ಳದಿಂದ 100 ಅಡಿ ಮೇಲಿರಬಹುದು.

ಉತ್ತರ: ಹಾಗಾದರೆ ಕೆಲಸ ಸಲೀಸು. 100 ಅಡಿ ಅಂದರೆ 30 ಮೀಟರ್, ಅಷ್ಟು ಎತ್ತರದಿಂದ ನೀರು ಇಳಿದರೆ ಕೆಳಗೆ 3 ಕೆಜಿ ಪ್ರೆಷರ್ ತಾನಾಗಿ ಬರುತ್ತೆ. ಪೈಪಿನಲ್ಲಿ ಸ್ವಲ್ಪ ಹೋದರೂ ಹಳ್ಳದ ಬದಿಯ ಕೆಳಗಿನ ಎಕರೆಗಳಲ್ಲಿ ಸಣ್ಣ ಸ್ಪ್ರಿಂಕ್ಲರ್ ತಿರುಗುತ್ತೆ. ಬ್ಯಾಟರಿ ಬೇಡ, ಎತ್ತರವೇ ನಿಮ್ಮ ಬ್ಯಾಟರಿ. ರಾತ್ರಿಯೂ ಹೊಡೀಬಹುದು.

5 ಎಚ್‌ಪಿ ಸೋಲಾರ್ ಪಂಪ್ ಒಳ್ಳೇ ಬಿಸಿಲಿನ ದಿನ ಆ ಎತ್ತರಕ್ಕೆ ಲಕ್ಷ ಲೀಟರ್ ಹತ್ತಿರ ಏರಿಸುತ್ತೆ. ಒಂದು ಎಕರೆಗೆ ಒಂದಿಂಚು ನೀರು ಅಂದರೂ ಲಕ್ಷ ಲೀಟರೇ. 25 ಮೀಟರ್ ಉದ್ದ, 20 ಮೀಟರ್ ಅಗಲ, 2 ಮೀಟರ್ ಆಳದ ಹೊಂಡಕ್ಕೆ ನೀರು ಇಂಗದ ಹಾಗೆ ಪ್ಲಾಸ್ಟಿಕ್ ಹಾಳೆ ಹಾಸಿದರೆ 10 ಲಕ್ಷ ಲೀಟರ್ ಆಸುಪಾಸು ನಿಲ್ಲುತ್ತೆ. ಜನವರಿಯಲ್ಲೇ ತುಂಬಿಸಿಟ್ಟುಕೊಳ್ಳಿ. ಬೇಸಿಗೆಯಿಡೀ ಅದೇ ಪಂಪು ಮೆಣಸಿಗೆ, ಮನೆಗೆ, ಕೂಲಿಯವರ ಲೈನ್ ಮನೆಗಳಿಗೂ ನೀರು ಕೊಡುತ್ತೆ.

ರೈತರ ಸೋಲಾರ್ ಪಂಪಿಗೆ ಸಹಾಯಧನ ಕೊಡೋ ಪಿಎಂ-ಕುಸುಮ್ ಯೋಜನೆಯ 'ಬಿ' ಘಟಕದಲ್ಲಿ ಪಂಪಿನ ಬೆಲೆಗೆ ಕೇಂದ್ರದ್ದು ಶೇ. 30, ರಾಜ್ಯದ್ದು ಶೇ. 50, ನಿಮ್ಮ ಕೈಯಿಂದ ಶೇ. 20. ಸಹಾಯಧನದ ಲೆಕ್ಕ 7.5 ಎಚ್‌ಪಿವರೆಗೆ ಮಾತ್ರ. ಈಗಲೂ ಅದು ಇದೆಯಾ, ನಿಮ್ಮ ಹಿಡುವಳಿಗೆ ಸಿಗುತ್ತಾ ಅಂತ ಕ್ರೆಡಲ್‌ನಲ್ಲಿ (ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ) ಕೇಳಿ, ಒಪ್ಪಿಗೆ ಬಂದ ಮೇಲೆ ಗುಂಡಿಗೆ ಕೈ ಹಾಕಿ. ಹೊಂಡದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮೇಲಿನ ಎಕರೆಗಳಿಗೆ ಇಂಜಿನ್ ಬೇಕೇ ಬೇಕು, ಮಾರಬೇಡಿ.

ಒಂದು ಮಾತು ಮರೆತಿದ್ದೆ. ಪ್ಯಾನಲ್ಲನ್ನು ಕಣದ ಉತ್ತರದ ಅಂಚಿಗೆ ನಿಲ್ಲಿಸಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಅಂಚಿಗೆ ಇಟ್ಟರೆ ಹಣ್ಣು ಒಣಗಿಸೋ ಹೊತ್ತಲ್ಲೇ ಕಣದ ಮೇಲೆ ನೆರಳು ಬೀಳುತ್ತೆ. ಸಿಲ್ವರ್ ಓಕ್ ಕೊಂಬೆಯ ನೆರಳು ಒಂದು ಪ್ಯಾನಲ್ ಮೇಲೆ ಬಿದ್ದರೂ ಸಾಕು, ಆ ಸಾಲಿನ ಕರೆಂಟೆಲ್ಲ ಇಳಿಯುತ್ತೆ.

ಪ್ರಶ್ನೆ (ಹೋಂಸ್ಟೇ ನಡೆಸುವವರು, ಮೂಡಿಗೆರೆ): ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರಲ್ಲ. ಚಾವಣಿ ಸೋಲಾರ್ ಹಾಕಿ ಜನರೇಟರ್ ತೆಗೆಯಲಾ ಸರ್?

ಉತ್ತರ: ಬೇಡ ಮೇಡಂ. ಲೈನಿಗೆ ಸೇರಿಸಿದ ಬ್ಯಾಟರಿ ಇಲ್ಲದ ಸೋಲಾರ್, ಲೈನ್ ಹೋದ ಕ್ಷಣ ತಾನೂ ನಿಲ್ಲುತ್ತೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಕಾಯೋಕೆ ಇರುವ ವ್ಯವಸ್ಥೆ ಅದು. ಬ್ಯಾಟರಿ ಇದ್ದರೂ ಜುಲೈ ಮೋಡದಲ್ಲಿ ತುಂಬಲ್ಲ. ಬಿಲ್ ಇಳಿಸೋಕೆ ಹಾಕಿ, ಜನರೇಟರ್ ಇರಲಿ. ಇನ್ನೊಂದು, ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಗೆ 3 ಕಿಲೋವ್ಯಾಟ್‌ಗೆ 78 ಸಾವಿರ ಸಹಾಯಧನ ಇದೆ ನಿಜ. ಆದರೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರ್ತಿರೋ ಮನೆಯಲ್ಲಿ ಉಳಿಸೋಕೆ ಏನೂ ಇರಲ್ಲ. ನಿಮ್ಮ ಮೀಟರ್ ಮನೆಯ ವರ್ಗದಲ್ಲಿದೆಯಾ, ವಾಣಿಜ್ಯದ್ದಾ ಅಂತ ಬಿಲ್ ತೆಗೆದು ನೋಡಿ.

ಪ್ರಶ್ನೆ (ರೈತ, ಕಡೂರು): ನಮ್ಮದು ಒಣ ಭೂಮಿ, ರಾಗಿಯೂ ಸರಿಯಾಗಿ ಬರಲ್ಲ. ಸೋಲಾರ್‌ಗೆ 28 ವರ್ಷ ಗುತ್ತಿಗೆಗೆ ಕೊಡಿ, ಪಾವಗಡದ ರೇಟೇ ಕೊಡ್ತೀವಿ ಅಂತಿದ್ದಾರೆ.

ಉತ್ತರ: ಪಾವಗಡದ ಸೌರ ಪಾರ್ಕ್ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಮಾಡುತ್ತೆ, ಜಮೀನು ರೈತರ ಹೆಸರಲ್ಲೇ ಉಳಿದಿದೆ. ಅದು ಒಳ್ಳೇದು. ಅಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಕೊನೆಯ ವರ್ಷಕ್ಕೆ ಅದು 39 ಸಾವಿರ ಚಿಲ್ಲರೆ ಆಗುತ್ತೆ. ಬೆಲೆಗಳು ವರ್ಷಕ್ಕೆ ಶೇ. 4 ಏರಿದರೆ ಆ 39 ಸಾವಿರಕ್ಕೆ ಇವತ್ತಿನ 14 ಸಾವಿರದಷ್ಟೂ ಬೆಲೆ ಇರಲ್ಲ. ಆದ್ದರಿಂದ ಮೊದಲ ಬಾಡಿಗೆಗಿಂತ ಏರಿಕೆಗೆ ಪಟ್ಟು ಹಿಡಿಯಿರಿ, ಪ್ರತಿ ವರ್ಷ ಶೇ. 4ರಿಂದ 5 ಕೇಳಿ. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟ್ ಕಿತ್ತು ನೆಲ ಸಮ ಮಾಡಿಕೊಡುವುದು ಯಾರ ಖರ್ಚು ಅಂತ ಪತ್ರದಲ್ಲೇ ಬರೆಸಿ.

ನಿಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದವರು ಯಾರು, ಅಲ್ಲಿ ಕುರಿ ಮೇಯಿಸುತ್ತಿದ್ದವರು ಯಾರು? ಬಾಡಿಗೆ ನಿಮಗೆ ಬರುತ್ತೆ, ಅವರಿಗೆ ಬರಲ್ಲ. ಪಾವಗಡದಲ್ಲೂ ಭೂಮಿ ಇಲ್ಲದವರಿಗೇ ಹೆಚ್ಚು ಪೆಟ್ಟು ಬಿದ್ದದ್ದು. ಪ್ಯಾನಲ್ ತೊಳೆಯೋದು, ಹುಲ್ಲು ತೆಗೆಯೋದು, ಕಾವಲು, ಈ ಕೆಲಸಗಳು ಊರಿನವರಿಗೇ ಅಂತ ಕರಾರಿನಲ್ಲಿ ಸೇರಿಸಿ ಅಂತ ಕೇಳಿ. ಸಹಿ ಹಾಕುವ ಮೊದಲು ಕೇಳಿದರೆ ಮಾತ್ರ ಅದಕ್ಕೆ ಬೆಲೆ. ಕರಾರು ಪತ್ರ ಕೈಗೆ ಬಂದಾಗ ಬಾಡಿಗೆ ಏರಿಕೆಯ ಪುಟ ಇಲ್ಲಿ ಹಾಕಿ, ನಾನು ಲೆಕ್ಕ ಮಾಡಿಕೊಡ್ತೀನಿ.